ಕಿಣ್ವ ತಡೆಯುವ ಔಷಧಿಗಳು ಮತ್ತು ಇಲಿಯ ಡೋಪಮೈನ್ ನರಕೋಶಗಳು: ಸಂಶೋಧನಾ ಪ್ರಬಂಧವನ್ನು ಹೆಜ್ಜೆ ಹೆಜ್ಜೆಯಾಗಿ ಓದುವ ಬಗೆ

‘ಸೆಲೆಜಿಲಿನ್ ಪಡೆದ ಇಲಿಗಳಲ್ಲಿ ಎಂಪಿಟಿಪಿ ವಿಷದ ನಂತರವೂ ಡೋಪಮೈನ್ ನರಕೋಶಗಳು ಉಳಿದವು.’ ಡೋಪಮೈನ್ ಎಂಬ ಸಂದೇಶವಾಹಕವನ್ನು ತಯಾರಿಸುವ ಮಿದುಳಿನ ನರಕೋಶಗಳು ಸಾಯುವ ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆಯ ಬೆನ್ನು ಹತ್ತಿದವರಿಗೆ ಇಂಥ ಧಾಟಿಯ ವಾಕ್ಯ ಮತ್ತೆ ಮತ್ತೆ ಸಿಗುತ್ತದೆ. ಸೆಲೆಜಿಲಿನ್ ಈ ಕಾಯಿಲೆಗೆ ಕೊಡುವ, ಒಂದು ಕಿಣ್ವವನ್ನು ತಡೆಯುವ ಔಷಧಿ; ಎಂಪಿಟಿಪಿ ಆ ನರಕೋಶಗಳನ್ನು ಹಾಳುಮಾಡಲು ಪ್ರಯೋಗಗಳಲ್ಲಿ ಬಳಸುವ ವಸ್ತು. ಓದಿದೊಡನೆ ಔಷಧಿ ನರಕೋಶಗಳನ್ನು ಕಾಪಾಡಿತು ಎಂದೇ ಅನ್ನಿಸುತ್ತದೆ. ಆದರೆ ಇದೇ ವಾಕ್ಯದ ಹಿಂದೆ ಬೇರೆ ಬೇರೆ ಸಂಗತಿಗಳು ಇರಬಹುದು. ವಿಷವೇ ತಯಾರಾಗದೆ ಹೋಗಿರಬಹುದು. ತಯಾರಾಗಿಯೂ ನರಕೋಶದ ಒಳಗೆ ಹೋಗದಿರಬಹುದು. ನರಕೋಶ ಎರಡೂ ಗುಂಪುಗಳಲ್ಲಿ ಬದುಕಿದ್ದು, ಗುರುತಿನ ಬಣ್ಣ ಮಾತ್ರ ಒಂದರಲ್ಲಿ ಅಳಿಸಿರಬಹುದು. ಕೊನೆಯದಾಗಿ, ಔಷಧಿ ನಿಜಕ್ಕೂ ಕೋಶವನ್ನು ಉಳಿಸಿರಬಹುದು. ಇವುಗಳಲ್ಲಿ ಯಾವುದು ನಡೆಯಿತು ಎಂಬುದು ಪ್ರಬಂಧದ ಸಾರಾಂಶದಲ್ಲಿ ಸಿಗುವುದು ಅಪರೂಪ. ವಿಧಾನ ಮತ್ತು ಚಿತ್ರಗಳ ಭಾಗದಲ್ಲಿ ಹುಡುಕಬೇಕು. ಹೇಗೆ ಹುಡುಕುವುದು ಎಂಬುದನ್ನು ಜೀವವಿಜ್ಞಾನದ ವಿದ್ಯಾರ್ಥಿಗಳಿಗೂ, ಕಾಯಿಲೆಯ ಕಾರಣದಿಂದ ಈ ಓದಿಗೆ ಬಂದ ಆಸಕ್ತರಿಗೂ ನೆರವಾಗುವಂತೆ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಡೋಪಮೈನ್ ಸಾಗುವ ದಾರಿಯಲ್ಲಿ ಆ ಕಿಣ್ವ ಎಲ್ಲಿದೆ ಎಂದು ಗುರುತು ಹಾಕಿ

ಒಂದು ಹಾಳೆಯ ಮೇಲೆ ಈ ದಾರಿಯನ್ನು ಕೈಯಾರೆ ಬರೆದುಕೊಳ್ಳಿ. ಟೈರೋಸಿನ್ ಎಂಬ ಅಮೈನೊ ಆಮ್ಲದಿಂದ ಲೆವೊಡೋಪಾ ಆಗುತ್ತದೆ. ಇದನ್ನು ಮಾಡುವ ಕಿಣ್ವ ಟೈರೋಸಿನ್ ಹೈಡ್ರಾಕ್ಸಿಲೇಸ್, ಸಂಕ್ಷೇಪದಲ್ಲಿ ಟಿಎಚ್. ಇಡೀ ದಾರಿಯ ವೇಗ ನಿರ್ಧಾರವಾಗುವುದು ಇಲ್ಲಿಯೇ. ಲೆವೊಡೋಪಾವನ್ನು ಡೋಪಮೈನ್ ಆಗಿಸುವುದು ಡೀಕಾರ್ಬಾಕ್ಸಿಲೇಸ್ ಕಿಣ್ವ. ತಯಾರಾದ ಡೋಪಮೈನನ್ನು ವಿಮ್ಯಾಟ್-2 ಎಂಬ ಸಾಗಣೆ ಪ್ರೋಟೀನ್ ಸಣ್ಣ ಚೀಲಗಳಿಗೆ ತುಂಬುತ್ತದೆ. ಹೊರಗೆ ಬಿಡುಗಡೆಯಾದದ್ದನ್ನು ಡ್ಯಾಟ್ ಎಂಬ ಇನ್ನೊಂದು ಸಾಗಣೆ ಪ್ರೋಟೀನ್ ಮರಳಿ ಒಳಗೆಳೆಯುತ್ತದೆ. ಉಳಿದದ್ದನ್ನು ಒಡೆಯುವ ಕಿಣ್ವಗಳು ಎರಡು. ಮೊನೊಅಮೈನ್ ಆಕ್ಸಿಡೇಸ್ ಅಥವಾ ಎಂಎಒ ಡೋಪಮೈನನ್ನು ಡೋಪ್ಯಾಲ್ ಎಂಬ ಚುರುಕಾದ, ಕೋಶಕ್ಕೆ ಹಾನಿ ಮಾಡಬಲ್ಲ ಆಲ್ಡಿಹೈಡ್ ಆಗಿಸುತ್ತದೆ. ಅದು ಮುಂದೆ ಡೋಪ್ಯಾಕ್ ಆಮ್ಲವಾಗುತ್ತದೆ. ಸಿಒಎಂಟಿ ಎಂಬ ಕಿಣ್ವ ಡೋಪಮೈನನ್ನು 3-ಎಂಟಿ ಆಗಿಸುತ್ತದೆ. ಎರಡೂ ದಾರಿಗಳು ಕೊನೆಗೆ ಎಚ್‌ವಿಎ ಎಂಬ ತ್ಯಾಜ್ಯದಲ್ಲಿ ಸೇರುತ್ತವೆ.

ಈಗ ಔಷಧಿಯ ಹೆಸರನ್ನು ಸರಿಯಾದ ಜಾಗಕ್ಕೆ ಬರೆಯಿರಿ. ಆಲ್ಫಾ-ಮೀಥೈಲ್-ಪ್ಯಾರಾ-ಟೈರೋಸಿನ್ ತಡೆಯುವುದು ಟಿಎಚ್ ಅನ್ನು. ಕಾರ್ಬಿಡೋಪಾ, ಬೆನ್ಸೆರಜೈಡ್, ಎನ್‌ಎಸ್‌ಡಿ-1015 ಡೀಕಾರ್ಬಾಕ್ಸಿಲೇಸನ್ನು ತಡೆಯುತ್ತವೆ. ಕ್ಲೋರ್ಜಿಲಿನ್ ಮತ್ತು ಮೊಕ್ಲೊಬೆಮೈಡ್ ಎಂಎಒ-ಎ ಬಗೆಯನ್ನು, ಸೆಲೆಜಿಲಿನ್ ಮತ್ತು ರಸಜಿಲಿನ್ ಎಂಎಒ-ಬಿ ಬಗೆಯನ್ನು ತಡೆಯುತ್ತವೆ. ಟೋಲ್ಕಪೋನ್ ಮತ್ತು ಎಂಟಕಪೋನ್ ಸಿಒಎಂಟಿಯನ್ನು ತಡೆಯುತ್ತವೆ. ರಿಸರ್ಪಿನ್ ಮತ್ತು ಕೊಕೇನ್ ಈ ಸಾಲಿಗೆ ಸೇರುವುದಿಲ್ಲ: ಮೊದಲನೆಯದು ವಿಮ್ಯಾಟನ್ನು, ಎರಡನೆಯದು ಡ್ಯಾಟನ್ನು ತಡೆಯುತ್ತದೆ. ವಿಮ್ಯಾಟ್, ಡ್ಯಾಟ್ ಎರಡೂ ಕಿಣ್ವಗಳಲ್ಲ, ಸಾಗಣೆ ಪ್ರೋಟೀನುಗಳು.

ಈ ದಾರಿಯ ಹೊರಗಿನ ಕಿಣ್ವಗಳನ್ನು ತಡೆದೂ ಡೋಪಮೈನ್ ವ್ಯವಸ್ಥೆಯನ್ನು ಬದಲಿಸಬಹುದು. ಪಿಡಿಇ10ಎ ಕಿಣ್ವ ಹೇರಳವಾಗಿರುವುದು ಡೋಪಮೈನನ್ನು ತಯಾರಿಸುವ ಕೋಶಗಳಲ್ಲಲ್ಲ, ಅದರ ಸಂದೇಶ ಪಡೆಯುವ, ಸ್ಟ್ರೈಯೇಟಮ್ ಎಂಬ ಮಿದುಳಿನ ಭಾಗದ ಕೋಶಗಳಲ್ಲಿ. ಶೀರ್ಷಿಕೆಯಲ್ಲಿ ಡೋಪಮೈನ್ ಎಂಬ ಪದ ಕಂಡಾಗ ಮಾತು ಕಳಿಸುವ ಕೋಶದ್ದೋ, ಪಡೆಯುವ ಕೋಶದ್ದೋ ಎಂದು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಹೆಜ್ಜೆ 2: ಕಿಣ್ವ ಯಾವ ಕೋಶದೊಳಗಿದೆ ಎಂದು ಕೇಳಿ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಬಹುತೇಕ ಗೊಂದಲ ಹುಟ್ಟುವುದು ಇದನ್ನು ಹಾರಿ ಮುಂದೆ ಹೋದಾಗ.

ಡೋಪಮೈನನ್ನು ಎಂಎಒ ಒಡೆಯುತ್ತದೆ ಎಂದ ಮಾತ್ರಕ್ಕೆ ಅದರ ಎರಡೂ ಬಗೆಗಳು ಡೋಪಮೈನ್ ನರಕೋಶದಲ್ಲಿ ಸಮನಾಗಿ ಇರುವುದಿಲ್ಲ. ಇಲಿಯಂಥ ದಂಶಕ ಪ್ರಾಣಿಗಳ ಡೋಪಮೈನ್ ನರಕೋಶಗಳಲ್ಲಿ ಇರುವುದು ಮುಖ್ಯವಾಗಿ ಎಂಎಒ-ಎ. ಎಂಎಒ-ಬಿ ಹೆಚ್ಚಾಗಿ ಇರುವುದು ಆಸ್ಟ್ರೋಸೈಟ್ ಎಂಬ ಪೋಷಕ ಕೋಶಗಳಲ್ಲಿ ಮತ್ತು ಸೆರೊಟೋನಿನ್ ನರಕೋಶಗಳಲ್ಲಿ. ಎಂಎಒ-ಬಿ ವಂಶವಾಹಿಯನ್ನು ತೆಗೆದುಹಾಕಿದ ಚಿಕ್ಕ ಇಲಿಗಳನ್ನು (ಮೌಸ್) ಕುರಿತ ವರದಿ 1997ರಲ್ಲಿ ಬಂತು. ಅವುಗಳ ಮಿದುಳಿನಲ್ಲಿ ಎಂಎಒ-ಬಿ ಒಡೆಯುವ ಫೀನೈಲ್‌ಇಥೈಲಮೈನ್ ಎಂಬ ವಸ್ತು ಏರಿತ್ತು, ಡೋಪಮೈನ್ ಮಟ್ಟ ಬದಲಾಗಿರಲಿಲ್ಲ. ಮನುಷ್ಯರಲ್ಲಿ ಎಂಎಒ-ಬಿಯ ಪಾಲು ಇಲಿಗಿಂತ ದೊಡ್ಡದು ಎಂದು ಬಹುಕಾಲ ನಂಬಲಾಗಿದೆ. ಆದ್ದರಿಂದ ಎಂಎಒ-ಬಿ ತಡೆಯುವ ಔಷಧಿ ಇಲಿಯ ಡೋಪಮೈನನ್ನು ಭಾರಿಯಾಗಿ ಏರಿಸಿತು ಎಂದು ಪ್ರಬಂಧ ಹೇಳಿದರೆ, ಪ್ರಮಾಣ ಹೆಚ್ಚಾಗಿ ಎಂಎಒ-ಎ ಕೂಡ ತಡೆಗೊಂಡಿತೇ ಎಂಬ ಸಂದೇಹ ಬರಲೇಬೇಕು.

ಆಸ್ಟ್ರೋಸೈಟ್‌ಗಳ ಎಂಎಒ-ಬಿ ಬೇರೊಂದು ಕೆಲಸವನ್ನೂ ಮಾಡುತ್ತದೆ. ಪುಟ್ರೆಸಿನ್ ಎಂಬ ವಸ್ತುವಿನಿಂದ ಗಾಬಾ ಎಂಬ ಸಂದೇಶವಾಹಕ ತಯಾರಾಗುವ ದಾರಿಯಲ್ಲಿ ಅದಕ್ಕೆ ಪಾತ್ರವಿದೆ. ಗಾಬಾ ನರಕೋಶಗಳನ್ನು ತಣ್ಣಗಾಗಿಸುತ್ತದೆ. ಆದ್ದರಿಂದ ಎಂಎಒ-ಬಿ ತಡೆದಾಗ ಡೋಪಮೈನ್ ನರಕೋಶ ಚುರುಕಾದರೆ, ಅದಕ್ಕೆ ಡೋಪಮೈನ್ ಒಡೆಯದೆ ಉಳಿದದ್ದೇ ಕಾರಣವಾಗಬೇಕಿಲ್ಲ. ನೆರೆಯ ಕೋಶ ಸುರಿಯುತ್ತಿದ್ದ ಗಾಬಾ ಕಡಿಮೆಯಾದದ್ದೂ ಕಾರಣವಿರಬಹುದು. ಒಂದೇ ಔಷಧಿ, ಒಂದೇ ಕಿಣ್ವ, ಆದರೆ ಪೂರ್ತಿ ಬೇರೆ ಕಥೆ.

ಹೆಜ್ಜೆ 3: ಔಷಧಿ ಗುರಿ ಮುಟ್ಟಿದ್ದಕ್ಕೆ ಪುರಾವೆ ಹುಡುಕಿ

ಮೂರು ಪ್ರಶ್ನೆಗಳು ಸಾಕು.

ಔಷಧಿ ಮಿದುಳಿಗೆ ಹೋಗುತ್ತದೆಯೇ? ಟೋಲ್ಕಪೋನ್ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ದಾಟುತ್ತದೆ. ಎಂಟಕಪೋನ್ ಹೆಚ್ಚೂಕಡಿಮೆ ಹೊರಗೇ ಉಳಿಯುತ್ತದೆ. ಕಾರ್ಬಿಡೋಪಾ ಕೂಡ ಚಿಕಿತ್ಸೆಯ ಪ್ರಮಾಣದಲ್ಲಿ ಹೊರಗೇ ಉಳಿಯುತ್ತದೆ. ಔಷಧಿಯಾಗಿ ಕೊಟ್ಟ ಲೆವೊಡೋಪಾ ಮಿದುಳು ಸೇರುವ ಮೊದಲೇ ಡೋಪಮೈನ್ ಆಗದಿರಲಿ ಎಂದೇ ಅದನ್ನು ಜೊತೆಗೆ ಕೊಡುತ್ತಾರೆ.

ತಡೆ ಎಷ್ಟು ಕಾಲ ನಿಲ್ಲುತ್ತದೆ? ಸೆಲೆಜಿಲಿನ್, ರಸಜಿಲಿನ್, ಕ್ಲೋರ್ಜಿಲಿನ್, ಪಾರ್ಜಿಲಿನ್ ಇವೆಲ್ಲ ಎಂಎಒ ಕಿಣ್ವಕ್ಕೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತವೆ. ಔಷಧಿ ರಕ್ತದಿಂದ ಮಾಯವಾದ ಮೇಲೂ, ಕೋಶ ಹೊಸ ಕಿಣ್ವ ತಯಾರಿಸುವವರೆಗೆ ತಡೆ ಉಳಿಯುತ್ತದೆ. ಮನುಷ್ಯರ ಮಿದುಳಿನಲ್ಲಿ ಎಂಎಒ-ಬಿ ಅರ್ಧದಷ್ಟು ಮರಳಿ ತುಂಬಲು ಸುಮಾರು 40 ದಿನ ಬೇಕು ಎಂದು ಪೆಟ್ ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ. ಹಾಗಿರುವಾಗ ‘ಔಷಧಿ ನಿಲ್ಲಿಸಿ ಮರುದಿನ ಅಳೆದೆವು’ ಎಂಬ ಮಾತಿಗೆ ಔಷಧಿಯಿಲ್ಲದ ಸ್ಥಿತಿಯನ್ನು ಅಳೆದೆವು ಎಂಬ ಅರ್ಥ ಬರುವುದಿಲ್ಲ. ಮೊಕ್ಲೊಬೆಮೈಡ್ ಹಾಗಲ್ಲ, ಬಂದಂತೆಯೇ ಬಿಟ್ಟು ಹೋಗುತ್ತದೆ.

ಕಿಣ್ವದ ಚಟುವಟಿಕೆಯನ್ನು ಅದೇ ಪ್ರಾಣಿಗಳ ಮಿದುಳಿನ ಅಂಗಾಂಶದಲ್ಲಿ ಅಳೆದಿದ್ದಾರೆಯೇ? ಎಂಎಒ ವಿಷಯದಲ್ಲಿ ಸುಮಾರು 80%ಕ್ಕಿಂತ ಹೆಚ್ಚು ತಡೆಯಾಗುವವರೆಗೆ ಸಂದೇಶವಾಹಕಗಳ ಮಟ್ಟ ಎದ್ದು ಕಾಣುವಷ್ಟು ಏರುವುದಿಲ್ಲ. ಅರ್ಧ ತಡೆಯಾದರೆ ಅರ್ಧ ಪರಿಣಾಮ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಅಳತೆಯೇ ಇಲ್ಲದೆ ‘ಔಷಧಿಯಿಂದ ಪರಿಣಾಮವಿಲ್ಲ’ ಎಂದು ತೀರ್ಮಾನಿಸಿದ ಪ್ರಬಂಧವನ್ನು ನಾನು ಪಕ್ಕಕ್ಕೆ ಇಡುತ್ತೇನೆ.

ಜೊತೆಗೆ ಔಷಧಿ ದೇಹದಲ್ಲಿ ಏನಾಗುತ್ತದೆ ಎಂದೂ ನೋಡಬೇಕು. ಸೆಲೆಜಿಲಿನ್ ಒಡೆದಾಗ ಎಲ್-ಆಂಫೆಟಮೈನ್ ಮತ್ತು ಎಲ್-ಮೆಥಾಂಫೆಟಮೈನ್ ಉಂಟಾಗುತ್ತವೆ. ಇವಕ್ಕೆ ಡೋಪಮೈನ್ ವ್ಯವಸ್ಥೆಯ ಮೇಲೆ ತಮ್ಮದೇ ಪ್ರಭಾವ ಇರಬಲ್ಲದು. ರಸಜಿಲಿನ್‌ನಿಂದ ಅವು ಹುಟ್ಟುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಪರೀಕ್ಷಿಸಿದ ಪ್ರಯೋಗ ಸಿಕ್ಕರೆ ಅದರ ತೂಕ ಹೆಚ್ಚು. ಎನ್‌ಎಸ್‌ಡಿ-1015 ಕೂಡ ಡೀಕಾರ್ಬಾಕ್ಸಿಲೇಸ್ ಜೊತೆಗೆ ಎಂಎಒಯನ್ನೂ ತಡೆಯಬಲ್ಲದು.

ಹೆಜ್ಜೆ 4: ಅಳೆದದ್ದು ಯಾವ ಡೋಪಮೈನ್?

ಅಂಗಾಂಶವನ್ನು ಅರೆದು ಅಳೆದ ಡೋಪಮೈನ್ ಗೋದಾಮಿನ ದಾಸ್ತಾನು. ಕೋಶಗಳ ಹೊರಗೆ ಸಿಗುವ ಡೋಪಮೈನ್ ಅಂಗಡಿಯ ವ್ಯಾಪಾರ. ದಾಸ್ತಾನು ಏರಿದಾಗ ವ್ಯಾಪಾರ ಇಳಿದಿರಲೂಬಹುದು. ಮೈಕ್ರೊಡಯಾಲಿಸಿಸ್ ಕೋಶಗಳ ಹೊರಗಿನ ದ್ರವವನ್ನು ಹನಿಹನಿಯಾಗಿ ಹಿಡಿಯುತ್ತದೆ, ಒಂದೊಂದು ಮಾದರಿಗೂ ಸಾಮಾನ್ಯವಾಗಿ ಹಲವು ನಿಮಿಷ ಬೇಕು. ಕಾರ್ಬನ್ ಎಳೆಯ ವೋಲ್ಟಮೆಟ್ರಿ ಸೆಕೆಂಡಿನೊಳಗಿನ ಏರಿಳಿತ ಹಿಡಿಯುತ್ತದೆ, ಆದರೆ ತಳಮಟ್ಟದ ನಿಶ್ಚಲ ಪ್ರಮಾಣವನ್ನು ಹೇಳಲು ತೊಡಕು. 2018ರಿಂದ ಬಳಕೆಗೆ ಬಂದ ಡಿಲೈಟ್, ಗ್ರ್ಯಾಬ್-ಡಿಎ ಎಂಬ ಬೆಳಕಿನ ಸಂವೇದಕಗಳು ಓಡಾಡುವ ಪ್ರಾಣಿಯಲ್ಲೇ ಡೋಪಮೈನ್ ಏರಿಳಿತ ತೋರಿಸುತ್ತವೆ.

ಒಡೆದ ವಸ್ತುಗಳನ್ನೂ ಅಳೆದಿದ್ದರೆ, ಯಾವ ಕಿಣ್ವ ನಿಂತಿತು ಎಂಬುದು ಅವುಗಳ ಮಾದರಿಯಲ್ಲೇ ತಿಳಿಯುತ್ತದೆ. ಎಂಎಒ ನಿಂತರೆ ಡೋಪ್ಯಾಕ್ ಮತ್ತು ಎಚ್‌ವಿಎ ಇಳಿದು 3-ಎಂಟಿ ಏರುತ್ತದೆ. ಸಿಒಎಂಟಿ ನಿಂತರೆ ಎಚ್‌ವಿಎ ಮತ್ತು 3-ಎಂಟಿ ಇಳಿದು ಡೋಪ್ಯಾಕ್ ಏರುತ್ತದೆ. ಟಿಎಚ್ ನಿಂತರೆ ಎಲ್ಲವೂ ಕ್ರಮೇಣ ಬತ್ತುತ್ತವೆ. ಮಿದುಳಿನ ಡೀಕಾರ್ಬಾಕ್ಸಿಲೇಸ್ ನಿಂತರೆ ಲೆವೊಡೋಪಾ ಗುಡ್ಡೆಯಾಗುತ್ತದೆ. ಎನ್‌ಎಸ್‌ಡಿ-1015 ಕೊಟ್ಟು ನಿರ್ದಿಷ್ಟ ಹೊತ್ತಿನಲ್ಲಿ ಎಷ್ಟು ಲೆವೊಡೋಪಾ ಸೇರಿತು ಎಂದು ನೋಡಿ ಟಿಎಚ್ ವೇಗವನ್ನು ಅಳೆಯುವ ಕ್ರಮ ಇದರಿಂದಲೇ ಬಂತು.

ಇಲ್ಲಿ ಒಂದು ಬಲೆ ಇದೆ. ಡೋಪ್ಯಾಕ್ ಅನ್ನು ಡೋಪಮೈನ್‌ನಿಂದ ಭಾಗಿಸಿದ ಅನುಪಾತವನ್ನು ಅನೇಕ ಪ್ರಬಂಧಗಳು ‘ವಹಿವಾಟು’ ಎಂದು ಕರೆದು ನರಕೋಶದ ಚಟುವಟಿಕೆಯ ಗುರುತಾಗಿ ಬಳಸುತ್ತವೆ. ಎಂಎಒ ತಡೆದ ಪ್ರಾಣಿಯಲ್ಲಿ ಈ ಅನುಪಾತ ಇಳಿಯಲೇಬೇಕು, ಏಕೆಂದರೆ ಡೋಪ್ಯಾಕ್ ತಯಾರಿಸುವ ದಾರಿಯನ್ನೇ ಮುಚ್ಚಲಾಗಿದೆ. ನರಕೋಶ ಸುಮ್ಮನಾಯಿತು ಎಂದು ಅದರಿಂದ ಹೇಳಲಾಗದು.

ಕಿಣ್ವದ ತಡೆಯನ್ನೇ ಅಳತೆಯ ಉಪಕರಣವಾಗಿ ಬಳಸಿದ ಅಂದವಾದ ಉದಾಹರಣೆ 1963ರದು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಚಿಕ್ಕ ಇಲಿಗಳಿಗೆ ಎಂಎಒ ತಡೆಯುವ ನಯಲಮೈಡ್ ಕೊಟ್ಟು, ಜೊತೆಗೆ ಮನೋರೋಗದ ಔಷಧಿಗಳಾದ ಕ್ಲೋರ್‌ಪ್ರೊಮಜಿನ್ ಅಥವಾ ಹ್ಯಾಲೊಪೆರಿಡಾಲ್ ಕೊಟ್ಟರು. ಮಿದುಳಿನಲ್ಲಿ 3-ಎಂಟಿ ಹೆಚ್ಚು ಶೇಖರವಾಯಿತು. ಎಂಎಒ ಮುಚ್ಚಿದ್ದರಿಂದಲೇ ಬಿಡುಗಡೆಯಾದ ಡೋಪಮೈನ್‌ನ ಜಾಡು ಆ ರೂಪದಲ್ಲಿ ಉಳಿದು ಕಣ್ಣಿಗೆ ಬಿತ್ತು. ಆ ಮನೋರೋಗದ ಔಷಧಿಗಳು ಡೋಪಮೈನ್‌ನ ಸಂದೇಶ ಹಿಡಿಯುವ ಗ್ರಾಹಕಗಳನ್ನು ಮುಚ್ಚುತ್ತವೆ, ಅದಕ್ಕೆ ಉತ್ತರವಾಗಿ ನರಕೋಶಗಳು ಹೆಚ್ಚು ದುಡಿಯುತ್ತವೆ ಎಂಬ ವಿಚಾರ ಅಲ್ಲಿಂದ ಬೆಳೆಯಿತು. ಕಾರ್ಲ್‌ಸನ್ ಅವರಿಗೆ 2000ರಲ್ಲಿ ನೊಬೆಲ್ ಬಂತು.

ಅಳೆದ ಪ್ರದೇಶವನ್ನೂ ಗಮನಿಸಿ. ಸ್ಟ್ರೈಯೇಟಮ್‌ನಲ್ಲಿ ಡ್ಯಾಟ್ ದಟ್ಟವಾಗಿದ್ದು ಡೋಪಮೈನನ್ನು ತಾನೇ ಬಾಚಿಕೊಳ್ಳುತ್ತದೆ. ಅಲ್ಲಿ ಸಿಒಎಂಟಿ ತಡೆದರೂ ಹೊರಗಿನ ಡೋಪಮೈನ್ ಹೆಚ್ಚು ಅಲುಗುವುದಿಲ್ಲ. ಮುಂಭಾಗದ ಕಾರ್ಟೆಕ್ಸ್‌ನಲ್ಲಿ ಡ್ಯಾಟ್ ವಿರಳ, ಹಾಗಾಗಿ ಅಲ್ಲಿ ಟೋಲ್ಕಪೋನ್ ಪರಿಣಾಮ ಕಾಣುತ್ತದೆ. 1998ರಲ್ಲಿ ವರದಿಯಾದ ಸಿಒಎಂಟಿ ಇಲ್ಲದ ಇಲಿಗಳಲ್ಲಿ ಮುಂಭಾಗದ ಕಾರ್ಟೆಕ್ಸ್‌ನ ಡೋಪಮೈನ್ ಏರಿದ್ದು ಗಂಡುಗಳಲ್ಲಿ. ಗಂಡು ಇಲಿಗಳಲ್ಲಷ್ಟೇ ಪ್ರಯೋಗ ಮಾಡಿ ಎಲ್ಲಕ್ಕೂ ಅನ್ವಯಿಸುವ ಪ್ರಬಂಧಗಳನ್ನು ಓದುವಾಗ ಇದು ನೆನಪಿನಲ್ಲಿರಲಿ.

ಹೆಜ್ಜೆ 5: ನರಕೋಶದ ಮಿಡಿತ ಏರಿತೋ ಇಳಿಯಿತೋ

ಡೋಪಮೈನ್ ಹೆಚ್ಚಾದರೆ ಡೋಪಮೈನ್ ನರಕೋಶ ಹೆಚ್ಚು ಮಿಡಿಯುತ್ತದೆ ಎಂಬ ಊಹೆ ಸಹಜ, ಆದರೆ ಸಾಮಾನ್ಯವಾಗಿ ಆಗುವುದು ಇದಕ್ಕೆ ವಿರುದ್ಧ. ಈ ನರಕೋಶಗಳ ಮೈಮೇಲೆಯೇ, ತಾವೇ ಬಿಟ್ಟ ಡೋಪಮೈನನ್ನು ಗ್ರಹಿಸುವ ಡಿ2 ಸ್ವಗ್ರಾಹಕಗಳಿವೆ. ಸುತ್ತ ಡೋಪಮೈನ್ ಏರಿದಾಗ ಅವು ಪೊಟ್ಯಾಸಿಯಮ್ ದ್ವಾರಗಳನ್ನು ತೆರೆದು ಕೋಶವನ್ನು ನಿಧಾನಗೊಳಿಸುತ್ತವೆ. ಮಿದುಳಿನ ಹೋಳಿನ ಮೇಲೆ ಲೆವೊಡೋಪಾ ಹಾಕಿದರೆ ಮಿಡಿತ ಇಳಿಯುತ್ತದೆ. ಡಿ2 ಮುಚ್ಚುವ ಸಲ್ಪಿರೈಡ್ ಹಾಕಿದರೆ ಆ ಇಳಿಕೆ ಅಳಿಯುತ್ತದೆ. ಡೀಕಾರ್ಬಾಕ್ಸಿಲೇಸ್ ತಡೆದರೂ ಅಳಿಯುತ್ತದೆ. ಕೆಲಸ ಮಾಡಿದ್ದು ಲೆವೊಡೋಪಾ ಅಲ್ಲ, ಅದರಿಂದಾದ ಡೋಪಮೈನ್ ಎಂದು ಈ ಮೂರು ಸಂಗತಿಗಳು ಸೇರಿ ಸಾಬೀತುಪಡಿಸುತ್ತವೆ. ನೀವು ಓದುವ ಪ್ರಬಂಧದಲ್ಲೂ ಇಂಥ ತ್ರಿವಳಿ ಪರೀಕ್ಷೆ ಇದೆಯೇ ನೋಡಿ. ಇದ್ದರೆ ನಂಬಿಕೆ ಬೆಳೆಯುತ್ತದೆ.

ಪ್ರಯೋಗ ಹೋಳಿನಲ್ಲೋ ಜೀವಂತ ಪ್ರಾಣಿಯಲ್ಲೋ ಎಂಬುದೂ ಮುಖ್ಯ. ಹೋಳಿನಲ್ಲಿ ಈ ಕೋಶಗಳು ಗಡಿಯಾರದಂತೆ ಒಂದೇ ಸಮನೆ ಮಿಡಿಯುತ್ತವೆ, ಏಕೆಂದರೆ ಬೇರೆ ಪ್ರದೇಶಗಳಿಂದ ಬರುವ ತಂತುಗಳು ಕತ್ತರಿಸಿಹೋಗಿರುತ್ತವೆ. ಜೀವಂತ ಪ್ರಾಣಿಯಲ್ಲಿ ಗೊಂಚಲು ಗೊಂಚಲಾದ ಮಿಡಿತವೂ ಇರುತ್ತದೆ. 1984ರಿಂದ ಬಳಕೆಯಲ್ಲಿರುವ ಮಾನದಂಡದಂತೆ ಎರಡು ಮಿಡಿತಗಳ ನಡುವಿನ ಅಂತರ 80 ಮಿಲಿಸೆಕೆಂಡಿಗಿಂತ ಕಡಿಮೆಯಾದಾಗ ಗೊಂಚಲು ಶುರು, 160 ದಾಟಿದಾಗ ಮುಕ್ತಾಯ.

ತಯಾರಿಕೆಯ ಮೇಲೂ ಹಿಡಿತ ಬೀಳುತ್ತದೆ. ಕೋಶದ್ರವದಲ್ಲಿ ಹೆಚ್ಚಾದ ಡೋಪಮೈನ್ ಟಿಎಚ್ ಕಿಣ್ವವನ್ನು ತಡೆಯುತ್ತದೆ. ಆದ್ದರಿಂದ ಮೊದಲ ದಿನದ ಫಲಿತಾಂಶವೂ ಮೂರು ವಾರ ಔಷಧಿ ಕೊಟ್ಟ ನಂತರದ ಫಲಿತಾಂಶವೂ ಒಂದೇ ಆಗಿರಬೇಕಿಲ್ಲ.

ಹೆಜ್ಜೆ 6: ವಿಷದ ಮಾದರಿ ಇದ್ದರೆ ನಿಧಾನವಾಗಿ ಓದಿ

ಮೊದಲು ಎತ್ತಿಕೊಂಡ ವಾಕ್ಯ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಎಂಪಿಟಿಪಿಯ ಕಥೆ ಶುರುವಾದದ್ದು ಕ್ಯಾಲಿಫೋರ್ನಿಯಾದಲ್ಲಿ. ಕಳ್ಳ ಪ್ರಯೋಗಾಲಯದಲ್ಲಿ ತಯಾರಾದ ಮಾದಕವಸ್ತುವನ್ನು ಚುಚ್ಚಿಕೊಂಡ ಯುವಜನರು ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿಯೇ ಕಾರಣ ಎಂದು 1983ರಲ್ಲಿ ವರದಿಯಾಯಿತು.

ಎಂಪಿಟಿಪಿ ತಾನಾಗಿ ಡೋಪಮೈನ್ ನರಕೋಶವನ್ನು ಕೊಲ್ಲುವುದಿಲ್ಲ. ಮಿದುಳಿಗೆ ಹೋದ ಮೇಲೆ ಮುಖ್ಯವಾಗಿ ಆಸ್ಟ್ರೋಸೈಟ್‌ಗಳ ಎಂಎಒ-ಬಿ ಅದನ್ನು ಎಂಪಿಪಿ-ಪ್ಲಸ್ ಎಂಬ ನಿಜವಾದ ವಿಷದ ಕಡೆಗೆ ತಿರುಗಿಸುತ್ತದೆ. ಆ ವಿಷ ಡ್ಯಾಟ್ ಮೂಲಕ ಡೋಪಮೈನ್ ನರಕೋಶದೊಳಗೆ ನುಗ್ಗಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಕಾಂಪ್ಲೆಕ್ಸ್-1 ಎಂಬ ಕಿಣ್ವವನ್ನು ನಿಲ್ಲಿಸುತ್ತದೆ. 1984ರಲ್ಲೇ ಪಾರ್ಜಿಲಿನ್, ಸೆಲೆಜಿಲಿನ್ ಮೊದಲೇ ಕೊಟ್ಟರೆ ಇಲಿಗಳಲ್ಲಿ ಎಂಪಿಟಿಪಿಯ ಹಾನಿ ಆಗುವುದಿಲ್ಲ ಎಂದು ತೋರಿಸಲಾಯಿತು. ವಿಷ ತಯಾರಾಗುವುದೇ ನಿಂತಿತ್ತು.

ಈಗ ನೀವು ಮಾಡಬೇಕಾದ್ದು ಇಷ್ಟು. ಔಷಧಿ ವಿಷಕ್ಕೆ ಮೊದಲೋ ನಂತರವೋ ನೋಡಿ. ಮೊದಲಾಗಿದ್ದರೆ ಸ್ಟ್ರೈಯೇಟಮ್‌ನ ಎಂಪಿಪಿ-ಪ್ಲಸ್ ಪ್ರಮಾಣವನ್ನು ಅಳೆದಿದ್ದಾರೆಯೇ ಹುಡುಕಿ. ಸಾಮಾನ್ಯವಾಗಿ ಚುಚ್ಚುಮದ್ದಿನ ನಂತರ 90 ನಿಮಿಷದ ಆಸುಪಾಸಿನಲ್ಲಿ ಅಳೆಯುತ್ತಾರೆ. ಎರಡೂ ಗುಂಪುಗಳಲ್ಲಿ ಅದು ಸಮನಾಗಿದ್ದು, ಆಮೇಲೆ ಕೋಶಗಳು ಉಳಿದಿದ್ದರೆ ಮಾತ್ರ ರಕ್ಷಣೆ ಎಂಬ ಮಾತಿಗೆ ಬೆಲೆ. ಎಂಎಒಗೆ ಸಂಬಂಧವೇ ಇಲ್ಲ ಎನ್ನಲಾದ ಹೊಸ ಅಣುಗಳಿಗೂ ಈ ಪರೀಕ್ಷೆ ಬೇಕು, ಏಕೆಂದರೆ ಎಷ್ಟೋ ಅಣುಗಳು ಎಂಎಒ-ಬಿಯನ್ನು ಸದ್ದಿಲ್ಲದೆ ತಡೆಯುತ್ತವೆ. ಡ್ಯಾಟ್ ಮುಚ್ಚುವ ಅಣುಗಳೂ ಇದೇ ಭ್ರಮೆ ಹುಟ್ಟಿಸುತ್ತವೆ. 1991ರಲ್ಲಿ ಎಂಪಿಟಿಪಿ ಕೊಟ್ಟು ಮೂರು ದಿನವಾದ ಮೇಲೆ ಸೆಲೆಜಿಲಿನ್ ಆರಂಭಿಸಿದ ಇಲಿಗಳಲ್ಲೂ ಹೆಚ್ಚು ಕೋಶಗಳು ಉಳಿದವು ಎಂಬ ವರದಿ ಗಮನ ಸೆಳೆದದ್ದು ಇದೇ ಕಾರಣಕ್ಕೆ. ಆ ಹೊತ್ತಿಗೆ ವಿಷದ ತಯಾರಿಕೆ ಮುಗಿದಿರುತ್ತದೆ, ಹಾಗಾಗಿ ಬೇರೆ ವಿವರಣೆ ಬೇಕಾಗುತ್ತದೆ.

6-ಹೈಡ್ರಾಕ್ಸಿಡೋಪಮೈನ್ ಮಾದರಿಯಲ್ಲಿ ಚಿತ್ರವೇ ತಿರುಗುಮುರುಗು. ಈ ವಿಷ ತಡೆಗೋಡೆ ದಾಟುವುದಿಲ್ಲ, ನೇರವಾಗಿ ಮಿದುಳಿಗೆ ಚುಚ್ಚಬೇಕು. ಅದಕ್ಕೂ ಮೊದಲು ಅನೇಕರು ಪಾರ್ಜಿಲಿನ್ ಕೊಡುತ್ತಾರೆ: ಎಂಎಒ ವಿಷವನ್ನು ಒಡೆದುಹಾಕದಿರಲಿ ಎಂದು. ನೊರ್‌ಅಡ್ರಿನಲಿನ್ ನರಕೋಶಗಳು ಉಳಿಯಲೆಂದು ಡೆಸಿಪ್ರಮಿನ್ ಕೂಡ ಸೇರಿಸುತ್ತಾರೆ. ಒಂದು ವಿಷದ ಎದುರು ಕೋಶವನ್ನು ಉಳಿಸುವ ಪಾರ್ಜಿಲಿನ್ ಇನ್ನೊಂದು ವಿಷದ ಕೈ ಬಲಪಡಿಸುತ್ತದೆ. ಮಾದರಿಯ ಹೆಸರಿಲ್ಲದೆ ‘ಎಂಎಒ ತಡೆದರೆ ಡೋಪಮೈನ್ ಕೋಶ ಉಳಿಯುತ್ತದೆ’ ಎಂದು ಬರೆಯುವುದು ಎಷ್ಟು ಅಪಾಯಕಾರಿ ಎಂದು ಇದರಿಂದ ತಿಳಿಯುತ್ತದೆ.

ಪ್ರಾಣಿಯ ಜಾತಿಯನ್ನೂ ಬರೆದುಕೊಳ್ಳಿ. ಎಂಪಿಟಿಪಿಗೆ ಸಿ57ಬಿಎಲ್/6 ತಳಿಯ ಚಿಕ್ಕ ಇಲಿಗಳು ಸುಲಭವಾಗಿ ತುತ್ತಾಗುತ್ತವೆ; ಪ್ರಯೋಗಾಲಯದ ದೊಡ್ಡ ಇಲಿಗಳು (ರ್ಯಾಟ್) ಬಹುಮಟ್ಟಿಗೆ ತಡೆದುಕೊಳ್ಳುತ್ತವೆ.

ಹೆಜ್ಜೆ 7: ಎಣಿಸಿದ್ದು ಕೋಶವನ್ನೋ ಬಣ್ಣವನ್ನೋ

ಮಧ್ಯಮಿದುಳಿನ ಡೋಪಮೈನ್ ನರಕೋಶಗಳು ಚಿಕ್ಕ ಇಲಿಯಲ್ಲಿ ಒಟ್ಟು 20,000ದಿಂದ 30,000, ದೊಡ್ಡ ಇಲಿಯಲ್ಲಿ 40,000ದಿಂದ 45,000 ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಇವನ್ನು ಗುರುತಿಸುವುದು ಟಿಎಚ್ ಪ್ರೋಟೀನಿಗೆ ಅಂಟುವ ಪ್ರತಿಕಾಯದ ಬಣ್ಣದಿಂದ. ಘಾಸಿಗೊಂಡ ಕೋಶ ಸಾಯದೆಯೇ ಟಿಎಚ್ ತಯಾರಿಕೆ ನಿಲ್ಲಿಸಬಲ್ಲದು. ಆಗ ಬಣ್ಣ ಮಾಯ, ಕೋಶ ಅಲ್ಲೇ. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಟಿಎಚ್ ಕಳೆದುಕೊಂಡರೂ ಡೀಕಾರ್ಬಾಕ್ಸಿಲೇಸ್ ಉಳಿಸಿಕೊಂಡ ಸುಪ್ತ ಕೋಶಗಳು ಕಂಡವು. ಆಸ್ಟ್ರೋಸೈಟ್‌ಗಳ ಗಾಬಾ ಅವನ್ನು ಅದುಮಿಟ್ಟಿತ್ತು, ಎಂಎಒ-ಬಿ ತಡೆದಾಗ ಟಿಎಚ್ ಮರಳಿತು. ಹೆಜ್ಜೆ 2ರಲ್ಲಿ ಹೇಳಿದ ಗಾಬಾ ದಾರಿ ಇಲ್ಲಿ ಫಲ ಕೊಡುತ್ತದೆ: ಉಳಿಸುವುದು ಬೇರೆ, ಎಬ್ಬಿಸುವುದು ಬೇರೆ. ಇವನ್ನು ಬೇರ್ಪಡಿಸಲು ಟಿಎಚ್ ಜೊತೆಗೆ, ಟಿಎಚ್ ಇಲ್ಲದ ನರಕೋಶಗಳನ್ನೂ ತೋರಿಸುವ ನಿಸ್ಸಲ್ ಅಥವಾ ನ್ಯೂ-ಎನ್ ಬಣ್ಣದ ಎಣಿಕೆಯೂ ಇರಬೇಕು. ಎಣಿಕೆ, ಆಯ್ದ ಹೋಳುಗಳಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಸ್ಟೀರಿಯಾಲಜಿ ವಿಧಾನದಲ್ಲಿ, ಗುಂಪು ಯಾವುದೆಂದು ತಿಳಿಯದವರಿಂದ ನಡೆದಿರಬೇಕು.

ಎ9 ಎಂದು 1964ರಲ್ಲಿ ದಾಲ್‌ಸ್ಟ್ರಮ್ ಮತ್ತು ಫುಕ್ಸೆ ಹೆಸರಿಸಿದ ಸಬ್‌ಸ್ಟಾನ್ಷಿಯಾ ನೈಗ್ರಾ ಗುಂಪನ್ನೂ ಪಕ್ಕದ ಎ10 ಗುಂಪನ್ನೂ ಒಟ್ಟಿಗೆ ಎಣಿಸಿದ್ದರೆ ಫಲಿತಾಂಶ ಮಸುಕಾಗುತ್ತದೆ. ಹೆಚ್ಚು ಬೇಗ ಸಾಯುವುದು ಎ9.

ಹೆಜ್ಜೆ 8: ಸಂಖ್ಯೆ

ನಾಲ್ಕು ಇಲಿಗಳಿಂದ ತಲಾ ಹತ್ತು ಕೋಶ ಅಳೆದರೆ ಮಾದರಿಯ ಗಾತ್ರ ನಲವತ್ತಲ್ಲ, ನಾಲ್ಕು. ಒಂದೇ ಪ್ರಾಣಿಯ ಕೋಶಗಳು ಒಂದನ್ನೊಂದು ಹೋಲುತ್ತವೆ. ಪ್ರಾಣಿಗಳನ್ನು ಗುಂಪುಗಳಿಗೆ ಹಂಚಿದ ಬಗೆ, ಕೈಬಿಟ್ಟ ಪ್ರಾಣಿಗಳು ಮತ್ತು ಕಾರಣ, ಎಲ್ಲವನ್ನೂ ಬರೆಯಬೇಕೆಂದು 2010ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾದ ಅರೈವ್ ಮಾರ್ಗಸೂಚಿ ಕೇಳುತ್ತದೆ. ಜೀವ ತೆತ್ತ ಪ್ರಾಣಿಗಳಿಗೆ ಸಲ್ಲಬೇಕಾದ ಕನಿಷ್ಠ ಪ್ರಾಮಾಣಿಕತೆ ಇದು.

ಹೆಜ್ಜೆ 9: ಮನುಷ್ಯರ ಪ್ರಮಾಣಕ್ಕೆ ತೂಗಿ ನೋಡಿ

ದೇಹದ ಮೇಲ್ಮೈ ಲೆಕ್ಕದಲ್ಲಿ, ಕಿಲೋಗೆ ಇಷ್ಟು ಎಂಬ ಮನುಷ್ಯರ ಪ್ರಮಾಣವನ್ನು ಚಿಕ್ಕ ಇಲಿಗೆ 12.3ರಿಂದ, ದೊಡ್ಡ ಇಲಿಗೆ 6.2ರಿಂದ ಗುಣಿಸುತ್ತಾರೆ. ರೋಗಿಗಳು ನುಂಗುವ ಸೆಲೆಜಿಲಿನ್ ಸಾಮಾನ್ಯವಾಗಿ ದಿನಕ್ಕೆ 10 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಇದು ಕಿಲೋಗೆ ಸುಮಾರು 0.17 ಮಿಲಿಗ್ರಾಂ, ಚಿಕ್ಕ ಇಲಿಗೆ ಸರಿಸಮ ಸುಮಾರು 2 ಮಿಲಿಗ್ರಾಂ. ಪ್ರಬಂಧದಲ್ಲಿ ಕಿಲೋಗೆ 10 ಮಿಲಿಗ್ರಾಂ ಕೊಟ್ಟಿದ್ದರೆ ಅದು ಅದೇ ವ್ಯಕ್ತಿಗೆ ದಿನಕ್ಕೆ 50 ಮಿಲಿಗ್ರಾಂ ಹತ್ತಿರ ಬರುತ್ತದೆ. ಇದು ಒರಟು ಲೆಕ್ಕವೇ ಆದರೂ ಅಂತರ ಕಣ್ಣಿಗೆ ರಾಚುವಂಥದ್ದು. ಅಷ್ಟು ಮೇಲಿನ ಪ್ರಮಾಣದಲ್ಲಿ ಎಂಎಒ-ಬಿ ಮಾತ್ರ ತಡೆಯುವ ಗುಣ ಉಳಿಯುವುದಿಲ್ಲ. ಎಂಎಒ-ಎ ಕೂಡ ನಿಂತರೆ ಹಳೆಯ ಚೀಸ್‌ನಂಥ ಆಹಾರದ ಟೈರಮೈನ್ ಒಡೆಯದೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ಮನುಷ್ಯರಲ್ಲಿ ರಕ್ಷಣೆಯನ್ನು ಸಾಬೀತುಪಡಿಸುವುದೂ ಕಷ್ಟವಾಗಿಯೇ ಉಳಿದಿದೆ. 1989ರ ಡೇಟಾಟಾಪ್ ಪರೀಕ್ಷೆಯಲ್ಲಿ ಸೆಲೆಜಿಲಿನ್ ಪಡೆದವರಿಗೆ ಲೆವೊಡೋಪಾ ಬೇಕಾಗುವ ದಿನ ಮುಂದಕ್ಕೆ ಹೋಯಿತು. ಔಷಧಿ ಲಕ್ಷಣಗಳನ್ನು ತುಸು ಹತೋಟಿಯಲ್ಲಿಟ್ಟರೂ ಅದೇ ಫಲಿತಾಂಶ ಬರುತ್ತದೆ. ಈ ತೊಡಕು ಬಿಡಿಸಲೆಂದೇ ರೂಪಿಸಿದ, 2009ರಲ್ಲಿ ಪ್ರಕಟವಾದ ಅಡಾಜಿಯೊ ಪರೀಕ್ಷೆಯಲ್ಲಿ ರಸಜಿಲಿನ್‌ನ 1 ಮಿಲಿಗ್ರಾಂ ಪ್ರಮಾಣ ಗುರಿ ಮುಟ್ಟಿತು, 2 ಮಿಲಿಗ್ರಾಂ ಮುಟ್ಟಲಿಲ್ಲ. ಇಲಿಯ ಪ್ರಬಂಧದ ಕೊನೆಯ ಪುಟದಲ್ಲಿ ರೋಗಿಗಳ ಮಾತು ಬಂದರೆ, ಕೊಟ್ಟ ಪ್ರಮಾಣದಲ್ಲಿ ಎಂಎಒ-ಎ ಎಷ್ಟು ತಡೆಗೊಂಡಿತ್ತು ಎಂಬ ಅಂಕಿ ಅದರೊಳಗೆ ಎಲ್ಲಾದರೂ ಇದೆಯೇ ಎಂದು ಹಿಂದಿನ ಪುಟಗಳಿಗೆ ಮರಳಿ ಹುಡುಕಿ.